ಡೌಲಾ ಬ್ಯಾಗು: ಒಳಗೆ ಹೋದ್ಮೇಲೆ ಹೊರಗೆ ಬರದೇ ಇರೋಕೆ ಏನೇನು ಬೇಕು

"ಮೇಡಂ, ನಿಮ್ಮ ಬ್ಯಾಗಲ್ಲಿ ಏನೇನ್ ಇಟ್ಕೊಳ್ತೀರ, ಒಂದ್ ಲಿಸ್ಟ್ ಕಳ್ಸಿ ಪ್ಲೀಸ್" ಅಂತ ಹೊಸದಾಗಿ ಡೌಲಾ ಟ್ರೈನಿಂಗ್ ಮುಗಿಸ್ಕೊಂಡಿರೋ ಹುಡುಗೀರು ವಾಟ್ಸಾಪಲ್ಲಿ ಕೇಳ್ತಾನೇ ಇರ್ತಾರೆ. ಲಿಸ್ಟ್ ಕಳ್ಸೋಕೆ ನಂಗೇನೂ ಬೇಜಾರಿಲ್ಲ, ಆದ್ರೆ ಬರೀ ಲಿಸ್ಟ್ ನೋಡ್ಕೊಂಡು ಆನ್‌ಲೈನಲ್ಲಿ ಆರ್ಡರ್ ಹಾಕಿದ್ರೆ ಅರ್ಧ ಸಾಮಾನು ಲೇಬರ್ ವಾರ್ಡ್ ಬಾಗ್ಲು ದಾಟೋದೇ ಇಲ್ಲ, ಅದಕ್ಕೇ ಒಂದ್ಸಲ ಉದ್ದಕ್ಕೆ ಬರ್ದು ಇಟ್ಬಿಡೋಣ ಅಂತ ಕೂತಿದೀನಿ.

ಗೊತ್ತಿಲ್ದೋರಿಗೆ ಎರಡೇ ಮಾತಲ್ಲಿ ಹೇಳ್ಬಿಡ್ತೀನಿ. ಡೌಲಾ ಅಂದ್ರೆ ಹೆರಿಗೆ ನೋವು ಶುರುವಾದಾಗಿಂದ ಮಗು ಹುಟ್ಟಿ ಒಂದೆರಡು ಗಂಟೆ ಆಗೋವರ್ಗೂ ಬಸುರಿ ಪಕ್ಕ ಬಿಡದೇ ಇರೋಳು. ಸೊಂಟ ಒತ್ತೋದು, ನೀರು ಕುಡಿಸೋದು, ಹೆಂಗೆ ಕೂತ್ರೆ ನಿಂತ್ರೆ ನೋವು ತಡ್ಕೊಳ್ಳೋಕಾಗುತ್ತೆ ಅಂತ ತೋರ್ಸೋದು, ಡಾಕ್ಟ್ರು ಹೇಳಿದ್ದನ್ನ ನಿಧಾನಕ್ಕೆ ಇನ್ನೊಂದ್ಸಲ ಹೇಳೋದು, ಗಂಡ ಗಾಬ್ರಿ ಆಗಿದ್ರೆ ಅವ್ನನ್ನೂ ಸುಧಾರಿಸೋದು, ಇಷ್ಟೇ. ಪರೀಕ್ಷೆ ಮಾಡಲ್ಲ, ಔಷಧಿ ಕೊಡಲ್ಲ, ಮಗು ಹಿಡಿಯಲ್ಲ. ನೆಂಟರ ಮನೇಲಿ "ಇವ್ಳು ಮಾಡ್ರನ್ ಸೂಲಗಿತ್ತಿ ಕಣ್ರೀ" ಅಂತ ಪರಿಚಯ ಮಾಡ್ಸಿದಾಗ ನಂಗೆ ಮುಜುಗರ ಆಗುತ್ತೆ. ಪಾವಗಡದ ಸೂಲಗಿತ್ತಿ ನರಸಮ್ಮ ಅವ್ರಿಗೆ 2018ರಲ್ಲಿ ಪದ್ಮಶ್ರೀ ಬಂತಲ್ಲ, ಆ ಅಜ್ಜಿ ಆಸ್ಪತ್ರೆನೇ ಇಲ್ಲದ ಹಳ್ಳಿಗಳಲ್ಲಿ ಸಾವಿರಾರು ಹೆರಿಗೆ ಮಾಡ್ಸಿದೋರು, ಹೊಟ್ಟೆ ಮುಟ್ಟಿ ನೋಡೇ ಮಗು ಹೆಂಗಿದೆ ಅಂತ ಹೇಳ್ತಿದ್ರಂತೆ. ಅವ್ರ ಕೆಲಸನೇ ಬೇರೆ, ನನ್ನ ಕೆಲಸನೇ ಬೇರೆ. ಹೊಕ್ಕಳಬಳ್ಳಿ ಕತ್ತರಿಸೋ ಸಾಮಾನು ನನ್ನ ಬ್ಯಾಗಲ್ಲಿ ಇರಲ್ಲ, ಇರಲೂಬಾರ್ದು. ಆ ವಿಷ್ಯಕ್ಕೆ ಆಮೇಲೆ ಬರ್ತೀನಿ.

ಈಗ ಇಂಟರ್ನೆಟ್ಟಲ್ಲಿ ಸಿಗೋ ಅಮೆರಿಕಾದ ಲಿಸ್ಟ್‌ಗಳನ್ನ ನೋಡಿ. ಸುವಾಸನೆ ಹರಡೋ ಡಿಫ್ಯೂಸರ್ ಅಂತೆ, ಬ್ಲೂಟೂತ್ ಸ್ಪೀಕರ್ ಅಂತೆ, ಬ್ಯಾಟರಿ ಹಾಕಿದ ಮೇಣದಬತ್ತಿ ಅಂತೆ, ಬಿಸಿ ಟವಲ್ಲಿಗೆ ಕರೆಂಟ್ ಕುಕ್ಕರ್ ಅಂತೆ. ಅಲ್ಲಿ ಒಬ್ಬೊಬ್ರಿಗೂ ಒಂದೊಂದು ದೊಡ್ಡ ರೂಮು, ಸೋಫಾ, ಅಟ್ಯಾಚ್ಡ್ ಬಾತ್‌ರೂಮು ಇರುತ್ತೆ, ನಡೆಯುತ್ತೆ. ನಮ್ಮ ಬೆಂಗಳೂರಲ್ಲೂ ಅಂಥ ಬರ್ತ್ ಸೆಂಟರ್‌ಗಳು ಇವೆ, ಇಲ್ಲ ಅನ್ನಲ್ಲ, ಅಲ್ಲಿಗೆ ಹೋಗೋ ದಿನ ನಾನೂ ಸ್ಪೀಕರ್ ಹಾಕ್ಕೊಂಡು ಹೋಗ್ತೀನಿ. ಆದ್ರೆ ಹೆಚ್ಚಿನ ಆಸ್ಪತ್ರೆಗಳ ಕಥೆ ಬೇರೆ. ಮೊದ್ಲು ಗೇಟಲ್ಲಿ ಸೆಕ್ಯೂರಿಟಿ ಅಣ್ಣ, ಬ್ಯಾಗ್ ಬಿಚ್ಚಿ ತೋರ್ಸಿ ಅಂತಾರೆ. ಆಮೇಲೆ ಲೇಬರ್ ವಾರ್ಡ್ ಬಾಗ್ಲಲ್ಲಿ ಇನ್‌ಚಾರ್ಜ್ ಸಿಸ್ಟರ್, ಅವ್ರು ಬ್ಯಾಗನ್ನೂ ನೋಡ್ತಾರೆ ನನ್ನ ಮುಖವನ್ನೂ ನೋಡ್ತಾರೆ. ಅವರಿಬ್ರನ್ನೂ ದಾಟಿ ಒಳಗೆ ಹೋದ್ರೆ ಮೂರನೇದು ಅತ್ತೆ, "ಇದೇನಮ್ಮ ಇಷ್ಟೊಂದು ತಂದಿದೀಯ" ಅಂತ ಅವ್ರು ಒಂದ್ಸಲ ಅಂದ್ಬಿಟ್ರೆ ಆಮೇಲೆ ಅವ್ರ ಮನಸ್ಸು ಗೆಲ್ಲೋದು ಕಷ್ಟ.

ಎಲ್ಲಕ್ಕಿಂತ ಮುಖ್ಯ ಪಾಸ್. ಬಹಳ ಕಡೆ ಒಳಗೆ ಬಿಡೋದು ಒಬ್ರನ್ನೇ, ಗಂಡ ಇಲ್ಲಾಂದ್ರೆ ಡೌಲಾ. ಇಬ್ರೂ ಪಾಸ್ ಬದಲಾಯಿಸ್ಕೊಂಡು ಒಳಗೆ ಹೊರಗೆ ಓಡಾಡಬೇಕು. ಒಂದ್ಸಲ ನೀರಿನ ಬಾಟ್ಲಿ ತರೋಕೆ ಅಂತ ಕೆಳಗಿಳಿದ್ರೆ ಶಿಫ್ಟ್ ಬದಲಾಗಿ ಹೊಸ ಸೆಕ್ಯೂರಿಟಿ ನಿಂತಿರ್ತಾನೆ, ನಾನು ಯಾರು ಏನು ಅಂತ ಮೊದ್ಲಿಂದ ಹೇಳ್ಬೇಕು, ಅವ್ನು ಮೇಲಕ್ಕೆ ಫೋನ್ ಮಾಡ್ಬೇಕು, ಅಲ್ಲಿ ಸಿಸ್ಟರ್ ಬ್ಯುಸಿ, ಅಷ್ಟೊತ್ತಿಗೆ ಒಳಗಿರೋಳು ಒಂಟಿ. ಅದಕ್ಕೇ ನನ್ನ ಬ್ಯಾಗು ಪ್ಯಾಕ್ ಮಾಡೋಕೆ ಇರೋ ರೂಲ್ ಒಂದೇ. ಒಳಗೆ ಹೋದ್ಮೇಲೆ ಯಾವ್ದೇ ಸಾಮಾನಿಗೋಸ್ಕರ ಹೊರಗೆ ಬರೋ ಹಾಗಾಗಬಾರ್ದು.

ಇದು ಬರೀ ಅನುಕೂಲದ ಮಾತಲ್ಲ. ಹೆರಿಗೆ ಟೈಮಲ್ಲಿ ಒಬ್ರು ಸತತವಾಗಿ ಜೊತೆಗಿದ್ರೆ ಏನಾಗುತ್ತೆ ಅನ್ನೋದ್ರ ಮೇಲೆ 2017ರಲ್ಲಿ ಬಂದ ಕಾಕ್ರೇನ್ ರಿವ್ಯೂ ಇದೆ, ಅಂದ್ರೆ ಬೇರೆ ಬೇರೆ ಅಧ್ಯಯನಗಳನ್ನ ಒಟ್ಟಿಗೆ ಸೇರ್ಸಿ ನೋಡಿದ ವರದಿ, 17 ದೇಶಗಳ 15 ಸಾವಿರಕ್ಕೂ ಜಾಸ್ತಿ ಹೆಂಗಸ್ರ ಲೆಕ್ಕ ಅದ್ರಲ್ಲಿ ಸೇರಿದೆ. ಜೊತೆ ಇದ್ದವ್ರಿಗೆ ಹೆರಿಗೆ ಸ್ವಲ್ಪ ಬೇಗ ಆಗಿದೆ, ನಾರ್ಮಲ್ ಆಗೋ ಸಾಧ್ಯತೆ ಹೆಚ್ಚಾಗಿದೆ, ಹೆರಿಗೆ ಬಗ್ಗೆ ಕಹಿ ನೆನಪು ಕಮ್ಮಿ. ಅಲ್ಲಿ ಗಮನಿಸ್ಬೇಕಾದ್ದು ಆ "ಸತತವಾಗಿ" ಅನ್ನೋ ಪದ. ಮೇಣದಬತ್ತಿ ಇತ್ತಾ ಡಿಫ್ಯೂಸರ್ ಇತ್ತಾ ಅಂತ ಅಲ್ಲಿ ಯಾರೂ ಲೆಕ್ಕ ಇಟ್ಟಿಲ್ಲ. ಜೊತೆಗಿದ್ದೋಳು ಜೊತೆಗೇ ಇದ್ಲಾ ಅನ್ನೋದೇ ವಿಷ್ಯ.

ಹಂಗಾಗಿ ಬ್ಯಾಗಿನ ಮುಕ್ಕಾಲು ಭಾಗ ನಂದೇ ಸಾಮಾನು ಅಂದ್ರೆ ಹೊಸ ಹುಡುಗೀರಿಗೆ ಆಶ್ಚರ್ಯ ಆಗುತ್ತೆ. ಒಂದು ಜೊತೆ ಕಾಟನ್ ಚೂಡಿದಾರ, ಯಾಕಂದ್ರೆ ಮೊದಲ್ನೇದ್ರ ಮೇಲೆ ವಾಂತಿ ಬೀಳುತ್ತೋ ಮಗು ಸುತ್ತ ಇರೋ ಆಮ್ನಿಯಾಟಿಕ್ ನೀರು ಬೀಳುತ್ತೋ ಹೇಳೋಕಾಗಲ್ಲ. ಒಳಗಷ್ಟೇ ಹಾಕ್ಕೊಳ್ಳೋಕೆ ಒಂದು ಜೊತೆ ರಬ್ಬರ್ ಚಪ್ಲಿ, ತೊಳ್ದು ಕವರಲ್ಲಿ ಹಾಕಿರೋದು, ಯಾಕಂದ್ರೆ ಬಾಗ್ಲಲ್ಲಿ ಚಪ್ಲಿ ಬಿಚ್ಚಿ ಅಂತಾರೆ, ಅವ್ರು ಕೊಡೋ ಚಪ್ಲಿ ಒಂದು ಗಂಡಸ್ರ ಸೈಜು ಒಂದು ಮಕ್ಕಳ ಸೈಜು ಇರುತ್ತೆ. ಸ್ವೆಟರ್ ಒಂದು, ಎಸಿ ಯಾರ ಮಾತೂ ಕೇಳಲ್ಲ. ಕೂದ್ಲು ಕಟ್ಟೋಕೆ ರಬ್ಬರ್ ಬ್ಯಾಂಡ್ ನಾಲ್ಕೈದು, ನಂಗೂ ಅವ್ಳಿಗೂ. ಹಲ್ಲುಜ್ಜೋ ಬ್ರಷ್ ಪೇಸ್ಟು ಮರೆಯೋ ಹಾಗೇ ಇಲ್ಲ, ಹೆರಿಗೆ ನೋವಲ್ಲಿರೋರ ಮೂಗು ಎಷ್ಟು ಚುರುಕಾಗುತ್ತೆ ಅಂದ್ರೆ ನಾನು ಬೆಳಿಗ್ಗೆ ತಿಂದಿದ್ದು ಈರುಳ್ಳಿ ದೋಸೆ ಅಂತ ಮಧ್ಯಾಹ್ನ ಕಂಡುಹಿಡೀತಾರೆ. ಅವತ್ತು ಸೆಂಟ್ ಹಾಕ್ಕೊಳ್ಳಲ್ಲ, ಮಲ್ಲಿಗೆ ಮುಡ್ಕೊಳ್ಳಲ್ಲ.

ಊಟದ ವಿಷ್ಯದಲ್ಲೂ ಹಂಗೇನೇ. ನನ್ನ ಡಬ್ಬೀಲಿ ಬೆಳ್ಳುಳ್ಳಿ ಚಟ್ನಿಪುಡಿ ಇರಲ್ಲ, ಮೊಟ್ಟೆ ಇರಲ್ಲ. ಸಪ್ಪೆ ಚಪಾತಿ ಬೆಲ್ಲ ಸುತ್ತಿ, ಬಾಳೆಹಣ್ಣು, ಖರ್ಜೂರ, ನೆನೆಸಿದ ಅವಲಕ್ಕಿ. ಕೋಡುಬಳೆ ಚಕ್ಕುಲಿ ತಗೊಂಡು ಹೋಗ್ಬೇಡಿ ದಯವಿಟ್ಟು, ರಾತ್ರಿ ಮೂರು ಗಂಟೇಲಿ ಆ ರೂಮಲ್ಲಿ ಕೋಡುಬಳೆ ಕಡಿದ್ರೆ ಆಗೋ ಸದ್ದು ಏನು ಅಂತ ಕಡಿದೋರಿಗೇ ಗೊತ್ತು. ಬಸುರಿಗೆ ಬೇರೆ ಚೀಲ, ಅದ್ರಲ್ಲಿ ಖರ್ಜೂರ, ಓಆರ್‌ಎಸ್ ಪ್ಯಾಕೆಟ್ಟು, ಎಳನೀರು ಸ್ಟೀಲ್ ಬಾಟ್ಲೀಲಿ, ಬಗ್ಗೋ ಸ್ಟ್ರಾ. ಈ ಸ್ಟ್ರಾ ಚಿಕ್ಕದಾದ್ರೂ ಚಿನ್ನದಂಥ ಸಾಮಾನು, ಮಗ್ಗುಲಾಗಿ ಮಲಗಿರೋಳಿಗೆ ಲೋಟದಲ್ಲಿ ಕುಡಿಸೋಕೆ ಹೋದ್ರೆ ಕತ್ತಿನ ಮೇಲೆಲ್ಲಾ ಸುರಿಯುತ್ತೆ. ತೊಂದ್ರೆ ಏನೂ ಇಲ್ಲದ ಬಸುರಿಗೆ ನೋವಿನ ಮಧ್ಯೆ ತಿನ್ನೋಕೆ ಕುಡಿಯೋಕೆ ಬಿಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ಗೈಡ್‌ಲೈನಲ್ಲೇ ಹೇಳಿದೆ, ಆದ್ರೂ "ನಿಲ್ ಬೈ ಮೌತ್", ಅಂದ್ರೆ ಬಾಯಿಗೆ ಏನೂ ಕೊಡಬೇಡಿ, ಅಂತ ಬೋರ್ಡ್ ನೇತಾಕೋ ಆಸ್ಪತ್ರೆಗಳಿಗೇನೂ ಬರ ಇಲ್ಲ. ಕದ್ದುಮುಚ್ಚಿ ತಿನ್ಸೋ ಕೆಲಸ ನಾನು ಮಾಡಲ್ಲ, ಮುಂಚೇನೇ ಡಾಕ್ಟ್ರ ಹತ್ರ ಕೇಳ್ಸಿ ಏನು ಕೊಡಬಹುದು ಅಂತ ಫೈಲಲ್ಲಿ ಬರೆಸ್ಕೊಂಡು ಬನ್ನಿ ಅಂತ ದಂಪತಿಗೆ ಎಂಟನೇ ತಿಂಗಳಲ್ಲೇ ಹೇಳಿರ್ತೀನಿ.

ಚಾರ್ಜರ್ ಬಗ್ಗೆ ಒಂದು ಮಾತು. ಸಾಕೆಟ್ ಯಾವಾಗ್ಲೂ ಮಂಚದ ತಲೆ ಹಿಂದೆ ಇರುತ್ತೆ, ಅದ್ರಲ್ಲಿ ಅರ್ಧನ ಮಾನಿಟರ್‌ಗಳೇ ಆಕ್ರಮಿಸ್ಕೊಂಡಿರ್ತವೆ. ಅದಕ್ಕೆ ಪವರ್ ಬ್ಯಾಂಕು, ಜೊತೆಗೆ ಮಾರುದ್ದದ ಕೇಬಲ್. ಗಂಡನ ಫೋನು ನನ್ನ ಫೋನಿಗಿಂತ ಮುಂಚೆ ಸತ್ತಿರುತ್ತೆ, ನೆಂಟರಿಗೆಲ್ಲಾ ಲೈವ್ ಕಾಮೆಂಟರಿ ಕೊಟ್ಟೂ ಕೊಟ್ಟೂ.

ಇನ್ನು ನಿಜವಾದ ಕೆಲಸದ ಸಾಮಾನಿಗೆ ಬರೋಣ. ಅದ್ರಲ್ಲಿ ಮೊದಲ್ನೇದು ಸೀರೆ.

ಮೆಕ್ಸಿಕೋದಲ್ಲಿ ರೆಬೋಜೋ ಅಂತ ಒಂದು ಉದ್ದನೆ ಶಾಲು ಇದೆ, ಅಲ್ಲಿನ ಸೂಲಗಿತ್ತೀರು ಅದನ್ನ ಬಸುರಿ ಸೊಂಟಕ್ಕೋ ಹೊಟ್ಟೆಗೋ ಸುತ್ತಿ ಮೆಲ್ಲಗೆ ಅಲ್ಲಾಡ್ಸಿ ಮೈ ಸಡಿಲ ಮಾಡ್ತಾರೆ. ಈಗ ಅದು ಎಲ್ಲಾ ಡೌಲಾ ಟ್ರೈನಿಂಗಲ್ಲೂ ಹೇಳ್ಕೊಡೋ ವಿದ್ಯೆ, ಸಾವಿರಗಟ್ಲೆ ಕೊಟ್ಟು ಆಮದು ಶಾಲು ತರಿಸ್ಕೊಳ್ಳೋರೂ ಇದಾರೆ. ಮನೇಲಿ ಬೀರು ತುಂಬಾ ಸೀರೆ ಇಟ್ಕೊಂಡು! ನಂದು ಅಮ್ಮನ ಹಳೇ ಉಡುಪಿ ಕೈಮಗ್ಗದ ಸೀರೆ, ಒಗೆದೂ ಒಗೆದೂ ಬಟ್ಟೆ ಬೆಣ್ಣೆ ಆಗಿದೆ, ಆದ್ರೂ ಎಳೆದ್ರೆ ಹರಿಯಲ್ಲ. ಯಾರೋ ಇಳಕಲ್ ಸೀರೆ ಆಗುತ್ತಾ ಅಂತ ಕೇಳಿದ್ರು. ಮೈ ಕಾಟನ್ ಇದ್ರೂ ಸೆರಗು ರೇಷ್ಮೆ, ಕೈಯಲ್ಲಿ ಜಾರುತ್ತೆ, ಬೇಡ. ಜರಿ ಅಂಚಿರೋ ಯಾವ ಸೀರೆನೂ ಬೇಡ, ಚುಚ್ಚುತ್ತೆ. ಪಾಲಿಯೆಸ್ಟರ್ ಅಂತೂ ಮುಟ್ಟಲೇಬೇಡಿ.

ಅದನ್ನ ಬಳಸೋದು ಹೆಂಗೆ ಅಂದ್ರೆ, ಅವ್ಳು ಮಂಡಿ ಊರಿ ಮುಂದಕ್ಕೆ ಬಾಗಿ ಬರ್ತ್ ಬಾಲ್ (ಕೂರೋಕೆ ಒರಗೋಕೆ ಬಳಸೋ ದೊಡ್ಡ ಗಾಳಿ ಚೆಂಡು) ಮೇಲೋ ಮಂಚದ ಮೇಲೋ ತೋಳಿಟ್ಟು ತಲೆ ಇಟ್ಕೊಂಡಿರ್ತಾಳೆ. ಸೀರೇನ ಅಗಲವಾಗಿ ಮಡಚಿ ಹೊಟ್ಟೆ ಕೆಳಗಿಂದ ತಂದು ಎರಡು ತುದಿನೂ ಅವ್ಳ ಬೆನ್ನಿನ ಮೇಲಕ್ಕೆ ನಾನು ಹಿಡ್ಕೊಳ್ತೀನಿ, ಕಾಲು ಅಗಲಿಸಿ ನಿಂತು, ಮಂಡಿ ಸ್ವಲ್ಪ ಬಗ್ಗಿಸಿ. ಮೊದ್ಲು ಸುಮ್ನೆ ಭಾರ ಎತ್ತೋದು ಅಷ್ಟೇ, ಒಂಬತ್ತು ತಿಂಗಳು ಹೊತ್ತಿದ್ದ ಭಾರನ ಯಾರೋ ಒಂದ್ ನಿಮಿಷ ಹಿಡ್ಕೊಂಡ ಹಾಗಾಗುತ್ತೆ, ಅಲ್ಲೇ ಅರ್ಧ ಜನ "ಹಾ..." ಅಂತ ಉಸಿರು ಬಿಡ್ತಾರೆ. ಆಮೇಲೆ ಒಂದು ಕೈ ಮೇಲೆ ಒಂದು ಕೈ ಕೆಳಗೆ, ಸಣ್ಣಕೆ, ಚಿಕ್ಕ ಚಿಕ್ಕದಾಗಿ ಅಲ್ಲಾಡಿಸೋದು. ನೋವು ಬಂದಾಗ ನಿಲ್ಲಿಸೋದು. ರಕ್ತ ಹೋಗ್ತಿದ್ರೆ, ಹೊಟ್ಟೆ ಬಿಡದೇ ನೋಯ್ತಿದ್ರೆ ಅದಕ್ಕೆ ಕೈ ಹಾಕೋ ಹಾಗೇ ಇಲ್ಲ, ಸೀದಾ ಸಿಸ್ಟರ್‌ನ ಕರೀಬೇಕು.

ಒಂದು ರಾತ್ರಿ ಹಾಸನದ ಕಡೆಯ ಅತ್ತೆಯೊಬ್ರು ಮೂಲೆ ಸ್ಟೂಲಲ್ಲಿ ಕೂತಿದ್ರು, ನಾನು ಒಳಗೆ ಬಂದಾಗಿಂದ ನಂಜೊತೆ ಒಂದು ಮಾತೂ ಆಡಿರ್ಲಿಲ್ಲ, ದುಡ್ಡು ಕೊಟ್ಟು ಯಾವಳನ್ನೋ ಕರ್ಸಿದಾರಲ್ಲ ಅನ್ನೋ ಸಿಟ್ಟು ಮುಖದಲ್ಲಿ ಕಾಣ್ತಿತ್ತು. ನಾನು ಬ್ಯಾಗಿಂದ ಸೀರೆ ತೆಗೆದೆ. ಅವ್ರು ಎದ್ದು ಬಂದು ಅಂಚು ಹಿಡಿದು ನೋಡಿ "ಇದು ಹಳೇದು, ಚೆನ್ನಾಗಿದೆ, ಎಲ್ಲಿ ತಗೊಂಡಿದ್ದು" ಅಂದ್ರು. ಆಮೇಲೆ ಅವ್ರೇ ಶುರು ಮಾಡಿದ್ರು, ಅವ್ರ ಹೆರಿಗೇಲಿ ಅವ್ರಮ್ಮ ತೊಲೆಗೆ ಸೀರೆ ಕಟ್ಟಿ ಇದನ್ನ ಹಿಡ್ಕೊಂಡು ಜೋತು ಬೀಳು ಅಂದಿದ್ರಂತೆ. ಆಮೇಲೆ ರಾತ್ರಿ ಎಲ್ಲಾ ಒಂದು ತುದಿ ಅವ್ರ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ಅದೇ ನಾನು ಆಮದು ಶಾಲು ತೆಗೆದಿದ್ರೆ ಅವ್ರು ಸ್ಟೂಲಿಂದ ಏಳ್ತಿರ್ಲಿಲ್ಲ. (ತೊಲೆ ಇಲ್ಲದ ಆಸ್ಪತ್ರೇಲಿ ಬಾಗ್ಲ ಮೇಲೆ ಸೀರೆ ಗಂಟು ಹಾಕಿ ಜೋತು ಬೀಳಿಸೋ ಟ್ರಿಕ್ ಯೂಟ್ಯೂಬಲ್ಲಿ ಇದೆ, ಮಾಡ್ಬೇಡಿ, ಆ ಬಾಗ್ಲು ಯಾವ ಕ್ಷಣದಲ್ಲಿ ಯಾರು ತೆಗೀತಾರೋ ಗೊತ್ತಿಲ್ಲ.)

ಎರಡನೇದು ಮರದ ಬಾಚಣಿಗೆ. ಹೌದು, ತಲೆ ಬಾಚೋದೇ. ಅಂಗೈಗೆ ಬೆರಳು ಸೇರೋ ಗೆರೆ ಇದೆಯಲ್ಲ, ಅಲ್ಲಿ ಹಲ್ಲುಗಳು ಒತ್ತೋ ಹಾಗೆ ಇಟ್ಕೊಂಡು ನೋವು ಬಂದಾಗ ಮುಷ್ಟಿ ಬಿಗಿ ಮಾಡೋದು, ನೋವು ಇಳಿದಾಗ ಸಡಿಲ ಮಾಡೋದು. ಅಂಗೈಯಲ್ಲಿ ಆಗೋ ಚುಚ್ಚು ಕಡೆ ಗಮನ ಹೋಗಿ ಸೊಂಟದ ನೋವು ಸ್ವಲ್ಪ ಹಿಂದಕ್ಕೆ ಸರಿಯುತ್ತೆ. ಪ್ಲಾಸ್ಟಿಕ್ ಆದ್ರೆ ಹಲ್ಲು ಮುರಿಯುತ್ತೆ, ಜಾತ್ರೇಲೋ ಗಾಂಧಿಬಜಾರಲ್ಲೋ ಸಿಗೋ ಮರದ್ದು ತಗೊಳ್ಳಿ, ಹಲ್ಲಿನ ತುದಿ ಮೊಂಡ ಇರ್ಬೇಕು. ಇದಕ್ಕೆ ಯಾವ ಬಾಗ್ಲಲ್ಲೂ ಯಾರೂ ತಕರಾರು ತೆಗೆದಿಲ್ಲ. ಎರಡು ಇಟ್ಕೊಳ್ಳಿ, ಕೆಲವ್ರು ಎರಡೂ ಕೈಗೆ ಕೇಳ್ತಾರೆ, ಇನ್ನು ಕೆಲವ್ರು ಒಂದನ್ನ ಗಂಡನ ಮೇಲೆ ಎಸೀತಾರೆ.

ನಿಂಬೆಹಣ್ಣು ಇನ್ನೊಂದು. ಗರ್ಭಕೋಶದ ಬಾಯಿ ಎಂಟು ಸೆಂಟಿಮೀಟರ್ ತೆರೆಯೋ ಹತ್ರ ಬರುವಾಗ ವಾಕರಿಕೆ ಬರೋದು ಬಹಳ ಮಾಮೂಲಿ, ಆಗ ನಿಂಬೆ ಸಿಪ್ಪೇನ ಉಗುರಲ್ಲಿ ಗೀರಿ ಮೂಗಿನ ಹತ್ರ ಹಿಡಿದ್ರೆ ಬಹಳ ಜನಕ್ಕೆ ಹಾಯೆನಿಸುತ್ತೆ. ಲ್ಯಾವೆಂಡರ್ ಎಣ್ಣೆ ಬಾಟ್ಲಿ ತೆಗೆದ್ರೆ ಸಿಸ್ಟರ್ "ಇದೇನ್ರೀ" ಅಂತಾರೆ, ನಿಂಬೆಹಣ್ಣು ತೆಗೆದ್ರೆ ದೃಷ್ಟಿಗೆ ಅಂದ್ಕೊಂಡು ಸುಮ್ನಾಗ್ತಾರೆ, ಅತ್ತೆನೂ ಖುಷಿ ಪಡ್ತಾರೆ. ನಾನು ಯಾರಿಗೂ ತಿದ್ದಕ್ಕೆ ಹೋಗಲ್ಲ. ವಾಂತಿಗೆ ಗಟ್ಟಿ ಕವರ್ ಒಂದಷ್ಟು, ಒದ್ದೆ ಮಾಡಿ ಒರೆಸೋಕೆ ಹಳೇ ಪಂಚೆ ಹರಿದ ತುಂಡುಗಳು, ಬೀಸೋಕೆ ಲಾವಂಚದ ಬೀಸಣಿಗೆ, ಅದ್ರ ಮೇಲೆ ನೀರು ಚಿಮುಕಿಸಿ ಬೀಸಿದ್ರೆ ಎಸಿ ಕೆಟ್ಟಿರೋ ವಾರ್ಡಲ್ಲೂ ಜೀವ ಬರುತ್ತೆ.

ಸೊಂಟ ತಿಕ್ಕೋಕೆ ಕೊಬ್ಬರಿ ಎಣ್ಣೆ. ಚಿಕ್ಕ ಬಾಯಿ ಬಾಟ್ಲೀಲಿ ತಗೊಂಡು ಹೋಗ್ಬೇಡಿ, ಬೆಂಗಳೂರಿನ ಡಿಸೆಂಬರಲ್ಲಿ ಕಲ್ಲಾಗಿ ಕೂತಿರುತ್ತೆ, ಅಗಲ ಬಾಯಿ ಡಬ್ಬೀಲಿ ಹಾಕಿದ್ರೆ ಬೆರಳಲ್ಲಿ ಕೆರ್ಕೋಬಹುದು. ಎಳ್ಳೆಣ್ಣೆ ಗಟ್ಟಿ ಆಗಲ್ಲ ಆದ್ರೆ ವಾಸನೆ ಎಲ್ಲರಿಗೂ ಆಗಲ್ಲ.

ಹಾಟ್ ವಾಟರ್ ಬ್ಯಾಗು ಖಂಡಿತ ಬೇಕು, ಆದ್ರೆ ಅದಕ್ಕೆ ಬಿಸಿನೀರು ಎಲ್ಲಿಂದ ಬರುತ್ತೆ ಅಂತ ಯಾರೂ ಯೋಚ್ನೆ ಮಾಡಿರಲ್ಲ. ವಾರ್ಡಿನ ಫಿಲ್ಟರಲ್ಲಿ ಬಿಸಿ ನಲ್ಲಿ ಇದ್ರೆ ಸರಿ, ಇಲ್ಲಾಂದ್ರೆ ಕ್ಯಾಂಟೀನಿಗೆ ಇಳೀಬೇಕು, ಅಂದ್ರೆ ಮತ್ತೆ ಅದೇ ಪಾಸಿನ ಗೋಳು. ಮನೆಯಿಂದ್ಲೇ ಒಂದು ಲೀಟರ್ ಫ್ಲಾಸ್ಕಲ್ಲಿ ಬಿಸಿನೀರು ತಗೊಂಡು ಹೋಗಿ. ಬ್ಯಾಗಿಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿ, ಗಾಳಿ ಹೊರಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಟವಲಲ್ಲಿ ಸುತ್ತಿ, ಮೊದ್ಲು ನಿಮ್ಮ ಮೊಣಕೈ ಒಳಗಡೆ ಇಟ್ಟು ನೋಡಿ. ಎಪಿಡ್ಯೂರಲ್, ಅಂದ್ರೆ ನೋವು ಗೊತ್ತಾಗದ ಹಾಗೆ ಬೆನ್ನಿಗೆ ಕೊಡೋ ಇಂಜೆಕ್ಷನ್, ಹಾಕಿದ ಮೇಲೆ ಅದನ್ನ ಬ್ಯಾಗೊಳಗೆ ಇಟ್ಬಿಡಿ, ಮರಗಟ್ಟಿರೋ ಚರ್ಮಕ್ಕೆ ಸುಟ್ಟಿದ್ದೂ ಗೊತ್ತಾಗಲ್ಲ. ಮನೇಲಿದ್ದಾಗ ಇದ್ರ ಅವಶ್ಯಕತೆನೇ ಇಲ್ಲ, ಕಲ್ಲುಪ್ಪು ಬಾಣಲೇಲಿ ಹುರಿದು ಬಟ್ಟೇಲಿ ಕಟ್ಟಿದ್ರೆ ಅದಕ್ಕಿಂತ ಒಳ್ಳೇ ಶಾಖ ಇನ್ನೊಂದಿಲ್ಲ. ನಿಜ ಹೇಳ್ಬೇಕಂದ್ರೆ ನನ್ನ ಬ್ಯಾಗು ಜಾಸ್ತಿ ಬಿಚ್ಚೋದು ಬಸುರಿ ಮನೇಲೇ, ನೋವು ಇನ್ನೂ ಹತ್ತು ಹದಿನೈದು ನಿಮಿಷಕ್ಕೊಂದ್ಸಲ ಬರೋ ಹೊತ್ತಲ್ಲಿ. ಆಸ್ಪತ್ರೆಗೆ ಹೋಗೋಷ್ಟರಲ್ಲಿ ಯಾವ್ದು ಬೇಕು ಯಾವ್ದು ಬೇಡ ಅಂತ ಅವ್ಳಿಗೇ ಗೊತ್ತಾಗಿರುತ್ತೆ, ಬೇಡದ್ದನ್ನ ಅಲ್ಲೇ ಬಿಟ್ಟು ಹೋಗ್ತೀನಿ.

ಬರ್ತ್ ಬಾಲ್ ಬಗ್ಗೆ ಎಲ್ರೂ ಕೇಳ್ತಾರೆ. ಮಾಮೂಲಿ ಎತ್ತರದವ್ರಿಗೆ 65 ಸೆಂಟಿಮೀಟರ್, ಕುಳ್ಳಗಿರೋರಿಗೆ 55. ಊದಿದ ಬಾಲು ಆಟೋದಲ್ಲಿ ಹಿಡಿಯಲ್ಲ, ಊದದೇ ಇರೋ ಬಾಲಿಗೆ ಪಂಪು ಬೇಕು. ಆಸ್ಪತ್ರೇಲೇ ಇದ್ರೆ ಒಳ್ಳೇದು, ಇಲ್ಲಾಂದ್ರೆ ಬಸುರಿ ಮನೇಲಿ ಪ್ರಾಕ್ಟೀಸ್ ಮಾಡಿದ ಬಾಲನ್ನೇ ಕಾರಲ್ಲಿ ಹಾಕ್ಕೊಂಡು ಬರ್ಲಿ. ಕಡಲೆಕಾಯಿ ಆಕಾರದ ಪೀನಟ್ ಬಾಲ್ ಎಪಿಡ್ಯೂರಲ್ ಹಾಕಿಸ್ಕೊಂಡೋರಿಗೆ ಮಗ್ಗುಲಾಗಿ ಮಲಗಿದಾಗ ಕಾಲ ಮಧ್ಯೆ ಇಡೋಕೆ, ಅದಿಲ್ದಿದ್ರೆ ಎರಡು ದಿಂಬು ಮಡಚಿ ದುಪಟ್ಟಾದಲ್ಲಿ ಕಟ್ಟಿದ್ರೆ ನಡೆಯುತ್ತೆ. ಚರ್ಮದ ಮೇಲೆ ಸಣ್ಣಗೆ ಕರೆಂಟ್ ಕೊಟ್ಟು ನೋವು ತಗ್ಗಿಸೋ ಟೆನ್ಸ್ ಮೆಷಿನ್ನು ಇದೆ ನನ್ನ ಹತ್ರ, ಡಾಕ್ಟ್ರು ಒಪ್ಪಿದ್ರೆ ಮಾತ್ರ ತೆಗೀತೀನಿ.

ಬ್ಯಾಗಿನ ಒಳ ಜಿಪ್ಪಲ್ಲಿ ಒಂದು ಪುಟ್ಟ ಬಟ್ಟೆ ಚೀಲ ಇದೆ, ಅದ್ರ ಬಗ್ಗೆ ಯಾವ ಟ್ರೈನಿಂಗಲ್ಲೂ ಹೇಳ್ಕೊಡಲ್ಲ. ನಮ್ಮ ದೇಶದಲ್ಲಿ ಪ್ರೈವೇಟ್ ಆಸ್ಪತ್ರೆ ಹೆರಿಗೆಗಳಲ್ಲಿ ನೂರಕ್ಕೆ 47.4ರಷ್ಟು ಸಿಸೇರಿಯನ್ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಹಂಗಾಗಿ ಓಟಿಗೆ (ಆಪರೇಷನ್ ಥಿಯೇಟರ್‌ಗೆ) ಹೋಗೋ ಹೊತ್ತು ಬರಲ್ಲ ಅಂದ್ಕೊಂಡು ಪ್ಯಾಕ್ ಮಾಡೋದು ಪೆದ್ದುತನ. ಓಟಿ ಅಂದ ತಕ್ಷಣ ಸಿಸ್ಟರ್ ಹೇಳೋದು "ಎಲ್ಲಾ ಬಿಚ್ಚಿ". ಸೀಮಂತದ ಹಸಿರು ಬಳೆ, ಓಲೆ, ಮೂಗುಬಟ್ಟು, ಕಾಲುಂಗುರ, ಆಮೇಲೆ ತಾಳಿ. ಆಪರೇಷನ್ನಲ್ಲಿ ರಕ್ತ ನಿಲ್ಸೋಕೆ ಕರೆಂಟಿನ ಕಾಟರಿ ಬಳಸ್ತಾರೆ, ಮೈಮೇಲೆ ಲೋಹ ಇದ್ರೆ ಸುಡೋ ಅಪಾಯ, ಅವ್ರು ಹೇಳೋದ್ರಲ್ಲಿ ತಪ್ಪಿಲ್ಲ. ಆದ್ರೆ ಆ ಗಾಬ್ರಿಯ ಹೊತ್ತಲ್ಲಿ ತಾಳಿ ತೆಗಿ ಅಂದಾಗ ಅಮ್ಮ ಅತ್ತೆ ಇಬ್ರ ಮುಖನೂ ಬಿಳುಚ್ಕೊಳ್ಳುತ್ತೆ, ಬಸುರಿ ಅಳೋಕೆ ಶುರು ಮಾಡ್ತಾಳೆ. ಆ ಪುಟ್ಟ ಚೀಲದಲ್ಲಿ ಅರಿಶಿನ ದಾರಕ್ಕೆ ಕಟ್ಟಿದ ಒಂದು ಅರಿಶಿನದ ಕೊಂಬು ಇರುತ್ತೆ. ಲೋಹ ಇಲ್ಲ, ಸಿಸ್ಟರ್‌ನ ಕೇಳಿದ್ರೆ ಸಾಮಾನ್ಯವಾಗಿ ಒಪ್ತಾರೆ, ಕತ್ತಿಗೆ ಬೇಡ ಅಂದ್ರೆ ತೋಳಿಗೆ ಕಟ್ಕೊಳ್ಳಿ ಅಂತಾರೆ. ಅಮ್ಮನ ಕೈಲೇ ಕಟ್ಟಿಸ್ತೀನಿ, ಬಿಚ್ಚಿದ್ದನ್ನೆಲ್ಲಾ ಎಣಿಸಿ ಅದೇ ಚೀಲಕ್ಕೆ ಹಾಕಿ ಗಂಡನ ಕೈಗೆ ಕೊಟ್ಟು, ಏನೇನು ಕೊಟ್ಟೆ ಅಂತ ಫೋಟೋ ತೆಗೀತೀನಿ. ನಂಗೆ ವೈಯಕ್ತಿಕವಾಗಿ ಇದ್ರಲ್ಲೆಲ್ಲಾ ಅಂಥ ನಂಬಿಕೆ ಇಲ್ಲ, ಆದ್ರೆ ಅಲ್ಲಿ ಮಲಗಿರೋದು ನಾನಲ್ಲವಲ್ಲ.

ಮಗು ಆದ್ಮೇಲಿನದಕ್ಕೆ ಒಂದು ಚಿಕ್ಕ ಸ್ಟೀಲ್ ಚಮಚ ಕುದಿಸಿ ಡಬ್ಬೀಲಿ ಹಾಕಿರ್ತೀನಿ, ಮಗು ಬಾಯಿಗೆ ಹಿಡಿಯೋಕೆ ಕಷ್ಟ ಆದ್ರೆ ಮೊದಲ ಗಿಣ್ಣುಹಾಲನ್ನ ಕೈಯಲ್ಲೇ ಹಿಂಡಿ ಚಮಚಕ್ಕೆ ಹಿಡಿಯೋಕೆ. ಮೊದ್ಲು ಒಳಲೆ ಇಟ್ಕೊಂಡಿರ್ತಿದ್ದೆ, ಈಗ ಬಿಟ್ಟಿದೀನಿ, ಒಳಲೆ ಕಂಡ್ರೆ ಸಾಕು ಯಾರಾದ್ರೂ ಹಿರಿಯರಿಗೆ ಸಕ್ಕರೆ ನೀರು ಜೇನುತುಪ್ಪ ನೆನಪಾಗ್ಬಿಡುತ್ತೆ.

ಈಗ ಇರಬಾರದ ಸಾಮಾನು. ಬಿಪಿ ಮೆಷಿನ್ ಬೇಡ. ಮಗು ಎದೆಬಡಿತ ಕೇಳೋ ಡಾಪ್ಲರ್ ಬೇಡ, ಈಗ ಆನ್‌ಲೈನಲ್ಲಿ ಸಿಗುತ್ತೆ ಅಂತ ತಗೋಬೇಡಿ. ಗ್ಲೌಸ್ ಕೂಡ ಬೇಡ. ವಾಂತಿ ಕ್ಲೀನ್ ಮಾಡೋಕೆ ಅಂತ ನೀವು ಇಟ್ಕೊಂಡಿರ್ತೀರ, ನೋಡಿದ ಸಿಸ್ಟರ್‌ಗೆ ಇವ್ಳು ಒಳಪರೀಕ್ಷೆ ಮಾಡ್ತಾಳೆ ಅಂತ ಅನುಮಾನ ಬರುತ್ತೆ, ಬೇಕಾದಾಗ ಅವ್ರ ಡಬ್ಬದಿಂದ ಕೇಳಿ ತಗೊಂಡ್ರಾಯ್ತು. ಮಾತ್ರೆ, ಹೋಮಿಯೋಪತಿ ಗುಳಿಗೆ, ಹರಳೆಣ್ಣೆ, ಜೀರಿಗೆ ಕಷಾಯ ಯಾವ್ದೂ ನನ್ನ ಬ್ಯಾಗಿಂದ ಬರಲ್ಲ. "ಸ್ವಲ್ಪ ಹರಳೆಣ್ಣೆ ಕೊಟ್ರೆ ಬೇಗ ಆಗುತ್ತಂತಲ್ಲ" ಅಂತ ಕಾಲು ಹಿಡಿಯೋರಿದಾರೆ, ಡಾಕ್ಟ್ರನ್ನ ಕೇಳಿ ಅಂತೀನಿ, ಅಷ್ಟೇ. ಒಬ್ಬ ಡೌಲಾ ಬ್ಯಾಗಲ್ಲಿ ಒಂದು ಔಷಧಿ ಸಿಕ್ರೆ ಸಾಕು, ಆ ಆಸ್ಪತ್ರೆ ಬಾಗ್ಲು ಅವ್ಳ ಹಿಂದೆ ಬರೋ ಎಲ್ರಿಗೂ ಮುಚ್ಚುತ್ತೆ.

ಸರ್ಕಾರಿ ಆಸ್ಪತ್ರೆಗೆ ಹೋಗೋದಾದ್ರೆ ಈ ಬ್ಯಾಗೇ ಬೇಡ. ಹೆರಿಗೆ ಹೊತ್ತಲ್ಲಿ ಜೊತೆಗೊಬ್ರು ಇರಬಹುದು ಅಂತ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ಹೇಳಿದೆ, ಆದ್ರೆ ಷರತ್ತುಗಳಿವೆ. ಹೆರಿಗೆ ಅನುಭವ ಇರೋ ಹೆಂಗಸಾಗಿರ್ಬೇಕು, ಬಟ್ಟೆ ಶುಭ್ರ ಇರ್ಬೇಕು, ಅಂಟುರೋಗ ಇರಬಾರ್ದು, ಸಿಬ್ಬಂದಿ ಕೆಲಸಕ್ಕೆ ಅಡ್ಡ ಬರಬಾರ್ದು, ಪಕ್ಕದ ಬೆಡ್ಡಿನವ್ರ ವಿಷ್ಯಕ್ಕೆ ಹೋಗಬಾರ್ದು. ಮರೆ ಇರೋ ಕಡೆ ಗಂಡನಿಗೂ ಅವಕಾಶ ಇದೆ. ಒಂದೇ ಹಾಲಲ್ಲಿ ಹತ್ತಾರು ಜನ ನೋವು ತಿನ್ನೋ ಜಾಗಕ್ಕೆ ಟ್ರಾಲಿ ಬ್ಯಾಗ್ ಎಳ್ಕೊಂಡು ಹೋಗೋದು ನೋಡೋಕೂ ಚೆನ್ನಾಗಿರಲ್ಲ. ಹೆಗಲಿಗೆ ಬಟ್ಟೆ ಚೀಲ, ಅದ್ರಲ್ಲಿ ಸೀರೆ, ಬಾಚಣಿಗೆ, ಎಣ್ಣೆ, ಸ್ಟ್ರಾ, ನೀರು. ಒಂದು ತಮಾಷೆ ನೋಡಿ, ನಮ್ಮ ರಾಜ್ಯ ಸರ್ಕಾರ 2007ರಲ್ಲಿ ಮಡಿಲು ಕಿಟ್ ಅಂತ ಶುರು ಮಾಡ್ತಲ್ಲ, ಸರ್ಕಾರಿ ಆಸ್ಪತ್ರೇಲಿ ಹೆರಿಗೆ ಆದ ಬಿಪಿಎಲ್ ಬಾಣಂತಿಯರಿಗೆ, ಸೊಳ್ಳೆಪರದೆ, ಜಮಖಾನ, ಮಗು ಟೋಪಿ, ಸ್ವೆಟರ್ ಎಲ್ಲಾ ಇರ್ತಿತ್ತು, ಅದ್ರಲ್ಲೂ ಬಾಚಣಿಗೆ ಮತ್ತೆ ಕೊಬ್ಬರಿ ಎಣ್ಣೆ ಇತ್ತು. ಬೇರೆ ಉದ್ದೇಶಕ್ಕೇ ಇರ್ಲಿ, ಆ ಲಿಸ್ಟ್ ಮಾಡಿದೋರು ಯಾರೋ ತಿಳಿದೋರು.

ಇನ್ನು ಡೌಲಾ ಗೀಲಾ ಯಾರೂ ಇಲ್ಲ, ಅಕ್ಕನೋ ಅಮ್ಮನೋ ಒಳಗೆ ಹೋಗ್ತಾರೆ ಅನ್ನೋರು ಬಹಳ ಜನ ಇರ್ತೀರ. ಅವ್ರಿಗೂ ಇದೇ ಚೀಲ ಸಾಕು, ಜೊತೆಗೆ ಅವ್ರ ಬಿಪಿ ಶುಗರ್ ಮಾತ್ರೆ ಮತ್ತೆ ಹೊಟ್ಟೆ ತುಂಬೋಷ್ಟು ತಿಂಡಿ ಹಾಕಿ, ಯಾಕಂದ್ರೆ ಮಗಳ ನೋವು ನೋಡ್ತಾ ಉಪವಾಸ ಕೂತು ತಲೆಸುತ್ತಿ ಬೀಳೋದು ಹೆಚ್ಚಾಗಿ ಅಮ್ಮಂದಿರೇ. ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ಬ್ಲಡ್ ಗ್ರೂಪ್ ರಿಪೋರ್ಟು, ಇನ್ಶೂರೆನ್ಸ್ ಕಾಗದ ಇವೆಲ್ಲಾ ಹೊರಗೆ ಕೂರೋರ ಕೈಲಿರ್ಲಿ, ಒಳಗಿರೋರ ಹತ್ರ ಇದ್ರೆ ಬಿಲ್ಲಿಂಗ್ ಕೌಂಟರಿಂದ ಪ್ರತಿ ಹತ್ತು ನಿಮಿಷಕ್ಕೂ ಕರೀತಾರೆ.

ಆಮೇಲೆ ಎಂಟನೇ ತಿಂಗಳ ಚೆಕಪ್ಪಿಗೆ ಹೋದಾಗ ಮೂರು ಪ್ರಶ್ನೆ ಕೇಳ್ಕೊಂಡು ಬನ್ನಿ. ಒಳಗೆ ಎಷ್ಟು ಜನಾನ ಬಿಡ್ತೀರ? ಹೊರಗೆ ಹೋದೋರನ್ನ ವಾಪಸ್ ಬಿಡ್ತೀರ? ಕುಡಿಯೋಕೆ ತಿನ್ನೋಕೆ ಏನು ಕೊಡಬಹುದು? ರಿಸೆಪ್ಷನ್ನಲ್ಲಿ ಕೇಳ್ಬೇಡಿ, "ಅದೆಲ್ಲಾ ಆಗ ನೋಡೋಣ ಮೇಡಂ" ಅಂತಾರೆ. ಲೇಬರ್ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಯಾರು ಅಂತ ವಿಚಾರಿಸಿ ಸೀದಾ ಅವ್ರನ್ನೇ ಕೇಳಿ, ಮಧ್ಯಾಹ್ನ ಊಟ ಆದ್ಮೇಲೆ ಹೋದ್ರೆ ಸಮಾಧಾನವಾಗಿ ಮಾತಾಡ್ತಾರೆ.